ಕಣ್ಣಿನಲ್ಲಿ ಕಾಣುವ ನರಗಳು

ಕಣ್ಣು ಕೆಂಪಾಗಿದೆ, ನೀರು ಸುರಿಯುತ್ತಿದೆ, ಬೆಳಕು ತಡೆಯಲಾಗುತ್ತಿಲ್ಲ. ಪರೀಕ್ಷಿಸಿದರೆ ಕಣ್ಣಿನ ಮುಂಭಾಗದ ಪದರವಾದ ಕಾರ್ನಿಯಾದ ಮೇಲೆ ಸಣ್ಣದೊಂದು ಮಸುಕು, ಅಷ್ಟೇ. ಆದರೂ ನೋವಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಕಾಣುವ ಗಾಯಕ್ಕೂ ರೋಗಿ ಹೇಳುವ ನೋವಿಗೂ ಹೀಗೆ ತಾಳೆಯೇ ಆಗದಿದ್ದಾಗ ಅನುಭವಿ ನೇತ್ರತಜ್ಞರು ಕೇಳುವ ಪ್ರಶ್ನೆ ಒಂದು: ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೀರಾ?

ಅವರ ಅನುಮಾನ ಅಕಾಂತಮೀಬಾ ಎಂಬ ಏಕಕೋಶ ಜೀವಿಯ ಮೇಲೆ. ಮಣ್ಣು, ನಲ್ಲಿ ನೀರು, ಈಜುಕೊಳ ಹೀಗೆ ಎಲ್ಲೆಲ್ಲೂ ಇರುವ ಇದು ಬ್ಯಾಕ್ಟೀರಿಯಾಗಳನ್ನು ತಿಂದುಕೊಂಡು ತನ್ನ ಪಾಡಿಗೆ ಬದುಕಿರುತ್ತದೆ. ಕಣ್ಣಿಗೆ ಬರಲು ಅದಕ್ಕೊಂದು ದಾರಿ ಬೇಕು. ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯುವುದು, ಹಾಕಿಕೊಂಡೇ ಸ್ನಾನ ಮಾಡುವುದು, ಈಜುವುದು ಆ ದಾರಿ ತೆರೆಯುತ್ತವೆ. ಲೆನ್ಸ್ ಮುಟ್ಟದವರಿಗೂ ಕಣ್ಣಿಗೆ ಗಾಯವಾದಾಗ ಮಣ್ಣೋ ಕೊಳಕು ನೀರೋ ಸೇರಿದರೆ ಈ ಸೋಂಕು ತಗಲಬಹುದು. ಅಪರೂಪದ ರೋಗ ನಿಜ, ಆದರೆ ದೃಷ್ಟಿಯನ್ನೇ ಕಸಿಯಬಲ್ಲದು. ವೈದ್ಯಲೋಕ ಇದನ್ನು ಗುರುತಿಸಿದ್ದೇ 1970ರ ದಶಕದಲ್ಲಿ.

ನೋವು ಅಷ್ಟು ತೀವ್ರವಾಗಲು ಕಾರಣ ಕಾರ್ನಿಯಾದ ರಚನೆಯಲ್ಲಿದೆ. ಅರ್ಧ ಮಿಲಿಮೀಟರಿನಷ್ಟು ದಪ್ಪದ ಈ ಪಾರದರ್ಶಕ ಪದರದಲ್ಲಿ ರಕ್ತನಾಳಗಳಿಲ್ಲ. ನರತುದಿಗಳು ಮಾತ್ರ ಚರ್ಮದಲ್ಲಿರುವುದಕ್ಕಿಂತ ನೂರಾರು ಪಟ್ಟು ದಟ್ಟವಾಗಿವೆ. ಅಮೀಬಾ ಈ ನರಗಳ ಗುಂಟ ಸಾಗುವುದುಂಟು. ಆಗ ನರದ ಸುತ್ತ ಉರಿಯೂತ ಕಾಣಿಸಿಕೊಂಡು ಕಾರ್ನಿಯಾದಲ್ಲಿ ಚಕ್ರದ ಅರಗಳಂತೆ ಬಿಳಿ ಗೆರೆಗಳು ಮೂಡುತ್ತವೆ. ಮೊದಮೊದಲು ಇದನ್ನು ಹರ್ಪಿಸ್ ವೈರಸ್ಸಿನ ಸೋಂಕೆಂದು ತಪ್ಪಾಗಿ ತಿಳಿಯುವುದು ಸಾಮಾನ್ಯ. ಹಾಗೆ ಕಳೆದುಹೋಗುವ ವಾರಗಳು ಬಹಳ ದುಬಾರಿ, ಏಕೆಂದರೆ ಅಷ್ಟರಲ್ಲಿ ಅಮೀಬಾ ಆಳಕ್ಕೆ ಇಳಿದಿರುತ್ತದೆ.

ಪ್ರತಿಕೂಲ ಪರಿಸ್ಥಿತಿ ಎದುರಾದರೆ ಅದು ತನ್ನ ಸುತ್ತ ಎರಡು ಪದರದ ಗೋಡೆ ಕಟ್ಟಿಕೊಂಡು ಸಿಸ್ಟ್ ಆಗಿಬಿಡುತ್ತದೆ. ಆ ಗೋಡೆಯಲ್ಲಿ ಗಿಡಗಳಲ್ಲಿರುವಂಥದೇ ಸೆಲ್ಯುಲೋಸ್ ಇದೆ. ಒಣಗಿಸಿಟ್ಟ ಸಿಸ್ಟ್‌ಗಳು 20 ವರ್ಷಗಳ ನಂತರವೂ ಜೀವ ತಳೆದದ್ದುಂಟು. ಹಾಗಾಗಿ ಔಷಧದ ಹನಿಗಳನ್ನು ಆರಂಭದಲ್ಲಿ ಹಗಲು ರಾತ್ರಿ ಗಂಟೆಗೊಮ್ಮೆ ಹಾಕಬೇಕು, ಚಿಕಿತ್ಸೆ ತಿಂಗಳುಗಟ್ಟಲೆ ಸಾಗಬೇಕು. ಪಾಲಿಹೆಕ್ಸನೈಡ್ ಎಂಬ ರಾಸಾಯನಿಕವನ್ನು 0.02 ಶೇಕಡಾ ಪ್ರಮಾಣದಲ್ಲಿ ಬಹುಕಾಲದಿಂದ ಬಳಸುತ್ತಿದ್ದರು, 0.08 ಶೇಕಡಾ ಇರುವ ಹನಿಗೆ 2024ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಗುರುತಿಸಿ ಅರ್ಧ ಶತಮಾನವಾದ ರೋಗಕ್ಕೆ ಇಷ್ಟು ತಡವಾಗಿ ಅಧಿಕೃತ ಔಷಧ ಬಂದದ್ದು ನನಗೆ ನೋವಿನ ಸಂಗತಿಯಾಗಿಯೇ ಕಾಣುತ್ತದೆ. ಅಪರೂಪದ ರೋಗಗಳ ಪಾಲಿಗೆ ಕಾಯುವಿಕೆ ಯಾವಾಗಲೂ ದೀರ್ಘ.

ಸಿಸ್ಟ್‌ಗಳನ್ನು ಹುಡುಕಲು ಕಾನ್‌ಫೋಕಲ್ ಸೂಕ್ಷ್ಮದರ್ಶಕ ನೆರವಾಗುತ್ತದೆ. ಜೀವಂತ ಕಣ್ಣಿನ ಕಾರ್ನಿಯಾವನ್ನು ಕತ್ತರಿಸದೆಯೇ ಪದರ ಪದರವಾಗಿ ತೋರಿಸುವ ಈ ಉಪಕರಣದಲ್ಲಿ ಸಿಸ್ಟ್‌ಗಳು ಹೊಳೆಯುವ ಚುಕ್ಕೆಗಳಂತೆ ಕಾಣುತ್ತವೆ. ಅದೇ ಚಿತ್ರದಲ್ಲಿ ನರತಂತುಗಳೂ ಬೆಳ್ಳಿಯ ಎಳೆಗಳಂತೆ ಹರಡಿಕೊಂಡಿರುತ್ತವೆ! ಮಧುಮೇಹದಿಂದ ನರಗಳು ಹಾಳಾಗುತ್ತಿರುವವರಲ್ಲಿ ಈ ಎಳೆಗಳು ವಿರಳವಾಗುತ್ತವೆ. ಪಾರ್ಕಿನ್ಸನ್ ರೋಗಿಗಳಲ್ಲೂ ಅಂಥ ಬದಲಾವಣೆ ಕಂಡುಬಂದಿದೆ. ಪರಾವಲಂಬಿಯನ್ನು ಹುಡುಕುವ ಸಾಧನವೇ ನರಗಳನ್ನು ಎಣಿಸುವ ಸಾಧನವೂ ಆಯಿತು.

ಕಣ್ಣಿನ ಹಿಂಭಾಗದಲ್ಲಿರುವ ರೆಟಿನಾದ ಕಥೆ ಬೇರೆ. ಅದಕ್ಕೆ ನೋವೇ ತಿಳಿಯದು. ಭ್ರೂಣದಲ್ಲಿ ಮಿದುಳಿನಿಂದಲೇ ಚಾಚಿಕೊಂಡು ಬೆಳೆದ ಭಾಗ ಅದು, ಅಂದರೆ ತಲೆಬುರುಡೆ ತೆರೆಯದೆ ನೋಡಬಹುದಾದ ಮಿದುಳಿನ ತುಣುಕು. ಅಲ್ಲಿಂದ ಹೊರಡುವ ಸುಮಾರು 10 ಲಕ್ಷ ತಂತುಗಳು ಸೇರಿ ದೃಷ್ಟಿನರವಾಗುತ್ತವೆ. ರೆಟಿನಾದೊಳಗೆ ಇರುವಷ್ಟು ದೂರ ಆ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುವುದಿಲ್ಲ. ಆದ್ದರಿಂದ ಆ ತಂತುಗಳ ಪದರ ತೆಳುವಾಯಿತೆಂದರೆ ತಂತುಗಳೇ ನಶಿಸಿವೆ ಎಂಬುದಕ್ಕೆ ಅದು ಬಲವಾದ ಸುಳಿವು. 1991ರಲ್ಲಿ ಬೆಳಕಿಗೆ ಬಂದ ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ತಂತ್ರ, ಪ್ರತಿಫಲಿಸಿ ಬರುವ ಬೆಳಕಿನಿಂದ ಈ ಪದರದ ದಪ್ಪವನ್ನು ಕೆಲವೇ ಮೈಕ್ರಾನುಗಳ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ನಿಖರತೆಯಲ್ಲಿ ಅಳೆಯುತ್ತದೆ.

ಇದರ ಹೆಚ್ಚಿನ ಪ್ರಯೋಜನ, ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಗೆಡವುವ ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗದಲ್ಲಿ ಕಂಡಿದೆ. ದೃಷ್ಟಿನರದ ಉರಿಯೂತ ಎಂದೂ ಬಾರದ ಕಣ್ಣಿನಲ್ಲೂ ಈ ರೋಗಿಗಳ ನರತಂತು ಪದರ ತೆಳುವಾಗುತ್ತಾ ಹೋಗಬಹುದು. ರೋಗನಿರ್ಣಯದ ಮ್ಯಾಕ್‌ಡೊನಾಲ್ಡ್ ಮಾನದಂಡಗಳ 2024ರ ಪರಿಷ್ಕರಣೆ ದೃಷ್ಟಿನರವನ್ನೂ ರೋಗದ ಹಾನಿಯನ್ನು ಹುಡುಕಬೇಕಾದ ಜಾಗಗಳ ಪಟ್ಟಿಗೆ ಸೇರಿಸಿಕೊಂಡಿದೆ. ಆಲ್ಝೈಮರ್ ಮತ್ತು ಪಾರ್ಕಿನ್ಸನ್ ರೋಗಗಳಲ್ಲೂ ಪದರಗಳು ತೆಳುವಾದದ್ದನ್ನು ಸಂಶೋಧಕರು ಕಂಡಿದ್ದಾರೆ. ಆದರೆ ‘ಒಂದೇ ಚಿತ್ರದಿಂದ ಮರೆವಿನ ರೋಗ ಪತ್ತೆ’ ಎಂಬಂಥ ಸುದ್ದಿಗಳನ್ನು ನಂಬಿ ಯಾರೂ ಹೆದರಬಾರದು. ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾ ಇದ್ದರೂ ಆ ಪದರ ಸವೆಯುತ್ತದೆ, ವಯಸ್ಸಾದರೂ ಸವೆಯುತ್ತದೆ, ಸಮೀಪದೃಷ್ಟಿ ಹೆಚ್ಚಿರುವವರಲ್ಲಿ ಅಳತೆಯೇ ಬೇರೆ ಬರುತ್ತದೆ. ತೆಳುವಾದ ಪದರ ರೋಗದ ಹೆಸರನ್ನು ಹೇಳುವುದಿಲ್ಲ. ಹಾಗಾಗಿ ನರರೋಗಿಯ ಇವತ್ತಿನ ಚಿತ್ರವನ್ನು ತಜ್ಞರು ಆಕೆಯದೇ ಹೋದ ವರ್ಷದ ಚಿತ್ರದ ಪಕ್ಕದಲ್ಲಿಟ್ಟು, ಎಷ್ಟು ಮೈಕ್ರಾನ್ ಕಡಿಮೆಯಾಗಿದೆ ಎಂದು ನೋಡುತ್ತಾರೆ.