ಹಳೆ ಕಾರು ನಿಜಕ್ಕೂ ಎಷ್ಟು ಓಡಿದೆ?

1972ರಲ್ಲಿ ತಯಾರಾದ ಒಂದು ಕಾರು ಮಾರಾಟಕ್ಕಿದೆ ಎಂದುಕೊಳ್ಳಿ. ಮೀಟರಿನಲ್ಲಿ 31,400 ಮೈಲಿ. ಬಣ್ಣ ಹೊಳೆಯುತ್ತಿದೆ, ಸೀಟಿನ ಚರ್ಮ ಬಿರುಕು ಬಿಟ್ಟಿಲ್ಲ. ಮಾರುವವರು ‘ಒಬ್ಬರೇ ಇಟ್ಟುಕೊಂಡಿದ್ದ ಗಾಡಿ, ಹೊರಗೆ ತೆಗೆದದ್ದೇ ಅಪರೂಪ’ ಅನ್ನುತ್ತಾರೆ. ಅವರ ಮಾತು ಪೂರ್ತಿ ನಿಜವಿರಬಹುದು. ಆದರೆ ಆ ಕಾಲದ ಬಹಳಷ್ಟು ಮೀಟರುಗಳಲ್ಲಿ ಮೈಲಿಗೆ ಇದ್ದದ್ದು ಐದೇ ಅಂಕಿ. 99,999 ಮುಗಿದರೆ ಮತ್ತೆ ಸೊನ್ನೆಯಿಂದ ಎಣಿಕೆ. ಹಾಗಾಗಿ ಅದು 1,31,400 ಕೂಡ ಆಗಿರಬಹುದು. ನಡುವೆ ಕೆಲವು ವರ್ಷ ಮೀಟರ್ ಕೆಟ್ಟು, ಅಂಕಿ ನಿಂತಲ್ಲೇ ನಿಂತಿರಬಹುದು. ಯಾರೋ ಬೇಕೆಂದೇ ಹಿಂದಕ್ಕೆ ತಿರುಗಿಸಿರಲೂಬಹುದು. ಕಾಣುವ ಸಂಖ್ಯೆ ಒಂದೇ, ಅದರ ಹಿಂದೆ ನಾಲ್ಕು ಬೇರೆ ಬೇರೆ ಕಾರುಗಳಿವೆ.

ಸಂಗ್ರಹಕಾರರು ಕಡಿಮೆ ಓಡಿದ ಕಾರಿಗೆ ಹೆಚ್ಚು ಹಣ ಕೊಡುವುದು ಬರೀ ಹುಚ್ಚಿನಿಂದಲ್ಲ. ಯಾರೂ ಬಿಚ್ಚಿ ಜೋಡಿಸದ, ಕಾರ್ಖಾನೆಯಿಂದ ಬಂದಂತೆಯೇ ಉಳಿದಿರುವ ಕಾರು ಒಂದು ದಾಖಲೆ. ಯಾವ ಬೋಲ್ಟಿನ ಮೇಲೆ ಬಣ್ಣದ ಗುರುತು ಹಾಕುತ್ತಿದ್ದರು, ತಗಡಿನ ಜೋಡಣೆಗೆ ಹಚ್ಚಿದ ಲೇಪ ಎಲ್ಲಿಗೆ ನಿಲ್ಲುತ್ತಿತ್ತು, ಯಾವ ಮೂಲೆಗೆ ಬಣ್ಣ ತಲುಪುತ್ತಲೇ ಇರಲಿಲ್ಲ ಎಂಬುದನ್ನೆಲ್ಲ ಮುಂದಿನ ತಲೆಮಾರಿನ ಮೆಕ್ಯಾನಿಕ್‌ಗಳು ಇಂಥ ಕಾರುಗಳಿಂದಲೇ ಕಲಿಯುತ್ತಾರೆ. ಚೆನ್ನಾಗಿ ಸವೆದು, ಭಾಗ ಬದಲಾಯಿಸಿಕೊಂಡು, ಸುಳ್ಳು ಸಂಖ್ಯೆ ಹೊತ್ತ ಕಾರು ಆ ಸಾಲಿನಲ್ಲಿ ಬಂದು ನಿಂತರೆ ಕೊಂಡವರ ದುಡ್ಡಿನ ಜೊತೆಗೆ ತಿಳಿವಳಿಕೆಯೂ ಕೆಡುತ್ತದೆ. ಮೀಟರಿನ ಮೋಸ ನನ್ನನ್ನು ಕೆರಳಿಸುವುದು ಹೆಚ್ಚಾಗಿ ಈ ಎರಡನೆಯ ಕಾರಣಕ್ಕೆ.

ಮೀಟರ್ ಅಳೆಯುವುದು ದೂರವನ್ನಲ್ಲ, ಚಕ್ರದ ಸುತ್ತುಗಳನ್ನು. ಕ್ರಿ.ಪೂ. ಮೊದಲ ಶತಮಾನದ ರೋಮಿನ ವಿಟ್ರುವಿಯಸ್ ವಿವರಿಸಿದ ಬಂಡಿಯಲ್ಲೂ ಹಾಗೆಯೇ ಇತ್ತು: ಚಕ್ರ 400 ಸುತ್ತು ಉರುಳಿದರೆ ಒಂದು ರೋಮನ್ ಮೈಲಿ, ಆಗ ಪೆಟ್ಟಿಗೆಯೊಳಗೆ ಒಂದು ಕಲ್ಲು ಬೀಳುತ್ತಿತ್ತು. ಹಳೆ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಹೊರಟ ಕೇಬಲ್ ಮೀಟರಿನೊಳಗೆ ಎರಡು ಕೆಲಸ ಮಾಡುತ್ತದೆ. ಅದರ ತುದಿಯ ಅಯಸ್ಕಾಂತ ತಿರುಗಿದಾಗ ಪಕ್ಕದ ಲೋಹದ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ, ಬಟ್ಟಲು ಸ್ಪ್ರಿಂಗನ್ನು ಎದುರಿಸಿ ಹೊರಳುತ್ತದೆ, ವೇಗದ ಮುಳ್ಳು ಸರಿಯುತ್ತದೆ. ಅಂಕಿಯ ಉರುಳೆಗಳನ್ನು ತಿರುಗಿಸುವುದು ಅದೇ ಕೇಬಲ್ಲೇ, ಆದರೆ ಬೇರೆ ದಾರಿಯಲ್ಲಿ, ಸಣ್ಣ ಹಲ್ಲುಚಕ್ರಗಳ ಮೂಲಕ. ಒಂದು ಪ್ಲಾಸ್ಟಿಕ್ ಹಲ್ಲು ಮುರಿದರೆ ಮುಳ್ಳು ಸರಿಯಾಗಿಯೇ ಆಡುತ್ತಿರುತ್ತದೆ, ಅಂಕಿ ಮಾತ್ರ ನಿಂತುಬಿಡುತ್ತದೆ. 1970–80ರ ದಶಕಗಳ ಹಲವು ಯುರೋಪಿಯನ್ ಕಾರುಗಳಿಗೆ ಇದು ಚಿರಪರಿಚಿತ ಕಾಯಿಲೆ. ವಯಸ್ಸಾದ ಪ್ಲಾಸ್ಟಿಕ್ ಹುಡಿಹುಡಿಯಾಗುತ್ತದೆ. ವೇಗ ತೋರಿಸುತ್ತಿದೆಯಲ್ಲ ಎಂದು ಮಾಲೀಕರು ತಿಂಗಳುಗಟ್ಟಲೆ ಗಮನಿಸದೇ ಇರುವುದೂ ಉಂಟು. ತಪ್ಪು ಅಂಕಿಯ ಹಿಂದೆ ಯಾವಾಗಲೂ ಕಳ್ಳ ಇರಬೇಕಾಗಿಲ್ಲ.

ಕೇಬಲ್ ಬಿಚ್ಚಿ, ಡ್ರಿಲ್ಲಿಗೆ ಸಿಕ್ಕಿಸಿ ಹಿಂದಕ್ಕೆ ಓಡಿಸುತ್ತಾರೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಲೆಕ್ಕ ಹಾಕಿ ನೋಡಿ. ಮೈಲಿಗೆ 1000 ಸುತ್ತು ತಿರುಗುವ ಕೇಬಲ್ ಆ ಕಾಲದಲ್ಲಿ ಸಾಮಾನ್ಯ. 50,000 ಮೈಲಿ ಅಳಿಸಬೇಕೆಂದರೆ 5 ಕೋಟಿ ಸುತ್ತು. ನಿಮಿಷಕ್ಕೆ 1000 ಸುತ್ತಿನ ಡ್ರಿಲ್ ಹಗಲೂ ರಾತ್ರಿ ತಿರುಗಿದರೂ ಸುಮಾರು 35 ದಿನ ಬೇಕು. ವೇಗ ಮೂರು ಪಟ್ಟು ಮಾಡಿದರೂ 12 ದಿನ ಹಿಡಿಯುತ್ತದೆ. ಅಷ್ಟು ತಾಳ್ಮೆ ಇರುವವರು ಕಡಿಮೆ. ಮೀಟರನ್ನೇ ಬಿಚ್ಚಿ ಉರುಳೆಗಳನ್ನು ಕೈಯಲ್ಲಿ ತಿರುಗಿಸುವುದು ಸುಲಭ. ಆದ್ದರಿಂದ ಹುಡುಕಬೇಕಾದದ್ದು ಬಿಚ್ಚಿದ ಗುರುತನ್ನು: ಡ್ಯಾಶ್‌ಬೋರ್ಡಿನ ಸ್ಕ್ರೂ ತಲೆಗಳು ಕಿತ್ತಿವೆಯೇ, ಮೀಟರಿನ ಸುತ್ತಲ ಲೋಹದ ಪಟ್ಟಿಯನ್ನು ಎತ್ತಿ ಮತ್ತೆ ಮಡಿಸಿದ ಗಾಯವಿದೆಯೇ, ಗಾಜಿನ ಒಳಮೈಯಲ್ಲಿ ಬೆರಳಚ್ಚಿದೆಯೇ, ಅಂಕಿಗಳು ಒಂದೇ ಗೆರೆಯಲ್ಲಿ ನಿಂತಿವೆಯೇ. ಕೊನೆಯದನ್ನು ಬಹಳ ನಂಬಬೇಡಿ, ಸವೆದ ಉರುಳೆ ತಾನಾಗಿಯೂ ಓರೆಯಾಗುತ್ತದೆ.

ಮೀಟರೇ ಬೇರೆ ಕಾರಿನದ್ದಾಗಿದ್ದರೆ? ಸ್ಮಿತ್ಸ್ ಕಂಪನಿಯ ಹಳೆಯ ಬ್ರಿಟಿಷ್ ಮೀಟರುಗಳ ಮುಖದ ಮೇಲೆ, ಮೈಲಿಗೆ ಕೇಬಲ್ ಎಷ್ಟು ಸುತ್ತು ಎಂಬುದನ್ನು ಚಿಕ್ಕದಾಗಿ ಮುದ್ರಿಸಿರುತ್ತಿದ್ದರು. ಆ ಸಂಖ್ಯೆ ಈ ಮಾದರಿಯ ಗೇರ್‌ಬಾಕ್ಸಿಗೂ ಹಿಂದಿನ ಆಕ್ಸಲ್ಲಿಗೂ ಹೊಂದದಿದ್ದರೆ ಮೀಟರ್ ಬದಲಾಗಿದೆ, ಅಥವಾ ಅವುಗಳಲ್ಲೇ ಒಂದು ಬದಲಾಗಿದೆ. ಮೈಲಿ ಮೀಟರ್ ತೆಗೆದು ಕಿಲೋಮೀಟರಿನದು ಹಾಕಿದ ಕಾರುಗಳಲ್ಲಂತೂ ಗೊಂದಲ ಖಂಡಿತ. ಒಂದು ಮೈಲಿ ಎಂದರೆ 1.609 ಕಿಲೋಮೀಟರ್, ಹಳೆಯ ಓಟವನ್ನು ಹೊಸ ಮೀಟರಿಗೆ ಸೇರಿಸುವಾಗ ಈ ಗುಣಾಕಾರವನ್ನು ಮರೆತವರೂ ಇದ್ದಾರೆ, ಸೇರಿಸುವುದನ್ನೇ ಬಿಟ್ಟವರೂ ಇದ್ದಾರೆ.

ಮೀಟರನ್ನು ಬದಿಗಿಟ್ಟು ಉಳಿದ ಕಾರನ್ನು ನೋಡಿದಾಗ ವಿಷಯ ರಂಗೇರುತ್ತದೆ. ಕಾರಿನ ತುಂಬ ಬೇರೆ ಬೇರೆ ಎಣಿಕೆಗಳು ನಡೆದಿರುತ್ತವೆ, ಎಲ್ಲವೂ ಒಂದನ್ನೇ ಎಣಿಸುವುದಿಲ್ಲ. ಬ್ರೇಕ್ ಪೆಡಲಿನ ರಬ್ಬರು ಎಣಿಸುವುದು ಕಾಲಿನ ಒತ್ತುಗಳನ್ನು. ಕಿಲೋಮೀಟರಿಗೆ ಒಂದೇ ಸಲ ಎಂದರೂ ಲಕ್ಷ ಕಿಲೋಮೀಟರಿಗೆ ಲಕ್ಷ ಒತ್ತು. ಚಾಲಕರ ಬಾಗಿಲಿನ ಕೀಲು, ಬೀಗದ ತೂತು, ಸೀಟಿನ ಹೊರ ಅಂಚು ಇವೆಲ್ಲ ಎಣಿಸುವುದು ಪ್ರಯಾಣಗಳನ್ನು. ಸರಾಸರಿ ಪ್ರಯಾಣ 10 ಕಿಲೋಮೀಟರ್ ಇದ್ದರೆ ಲಕ್ಷ ಕಿಲೋಮೀಟರಿಗೆ ಬಾಗಿಲು, ಹತ್ತಲು ಒಮ್ಮೆ ಇಳಿಯಲು ಒಮ್ಮೆ ಎಂದು, 20,000 ಸಲ ತೆರೆಯುತ್ತದೆ. ಸರಾಸರಿ 100 ಕಿಲೋಮೀಟರ್ ಇದ್ದರೆ 2,000 ಸಲ ಮಾತ್ರ. ಹೆದ್ದಾರಿಯಲ್ಲೇ ಬಾಳಿದ ಕಾರು ಬಾಗಿಲಲ್ಲಿ ಹೊಸದಾಗಿ, ಮೂತಿಯಲ್ಲಿ ಹಳತಾಗಿ ಕಾಣುವುದು ಇದಕ್ಕೇ.

ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವುದು ಮುಂದಿನ ಗಾಜನ್ನು. ಎದುರಿನಿಂದ ಕಾಣುವ ಅದರ ವಿಸ್ತೀರ್ಣ ಅರ್ಧ ಚದರ ಮೀಟರ್ ಎಂದಿಟ್ಟುಕೊಂಡರೂ, ಕಾರು ಒಂದು ಕಿಲೋಮೀಟರ್ ಸಾಗುವಾಗ ಗಾಜು 500 ಘನ ಮೀಟರ್ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಲಕ್ಷ ಕಿಲೋಮೀಟರಿಗೆ 5 ಕೋಟಿ ಘನ ಮೀಟರ್. ಆ ಗಾಳಿಯಲ್ಲಿ ಮರಳಿನ ಕಣಗಳಿವೆ. ಮರಳಿನ ಮುಖ್ಯ ಖನಿಜ ಸ್ಫಟಿಕ ಶಿಲೆ. ಮೋಸ್ ಮಾಪಕದಲ್ಲಿ ಅದರ ಗಡಸುತನ 7, ಗಾಜಿನದು ಸುಮಾರು 5.5. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ಅನುಗುಣ, ಹಾಗಾಗಿ ಗಂಟೆಗೆ 40 ಕಿಲೋಮೀಟರಿನಲ್ಲಿ ಬಿದ್ದ ಪೆಟ್ಟಿಗಿಂತ 80ರಲ್ಲಿ ಬಿದ್ದದ್ದು ನಾಲ್ಕು ಪಟ್ಟು ಬಲವಾದದ್ದು. ಪ್ರತಿ ಪೆಟ್ಟೂ ಒಂದು ಅತಿ ಚಿಕ್ಕ ಗುಳಿ ಬಿಡುತ್ತದೆ. ಸಂಜೆಯ ಓರೆ ಬಿಸಿಲಿಗೋ ಟಾರ್ಚಿನ ಓರೆ ಬೆಳಕಿಗೋ ಗಾಜನ್ನು ಹಿಡಿದರೆ ಈ ಗುಳಿಗಳು ಮಿನುಗುತ್ತವೆ. ಪಕ್ಕದಲ್ಲೇ ಹೋಲಿಕೆಗೆ ಹಿಂದಿನ ಕಿಟಕಿಯ ಗಾಜಿದೆ: ಅದೇ ವಯಸ್ಸು, ಅದೇ ಬಿಸಿಲು, ಎದುರು ಬರುವ ಮರಳು ಮಾತ್ರ ಇಲ್ಲ. ಪ್ರಯೋಗಾಲಯದಲ್ಲೂ ಇಷ್ಟು ಚೊಕ್ಕವಾದ ಹೋಲಿಕೆ ಸುಲಭವಾಗಿ ಸಿಗುವುದಿಲ್ಲ.

ಗಾಜು ಮೂಲದ್ದೇ ಆಗಿರಬೇಕು ಎಂಬುದು ಇಲ್ಲಿ ಷರತ್ತು. ಮೂಲೆಯಲ್ಲಿ ತಯಾರಕರ ಗುರುತಿನ ಜೊತೆ ಸಾಮಾನ್ಯವಾಗಿ ತಯಾರಿಕೆಯ ಕಾಲವನ್ನು ಸೂಚಿಸುವ ಸಂಕೇತವೂ ಇರುತ್ತದೆ. ಎಲ್ಲ ಗಾಜುಗಳ ಸಂಕೇತ ಒಂದೇ ಹೊತ್ತಿನದ್ದಾಗಿದ್ದು, ಕಾರಿನ ತಯಾರಿಕೆಗಿಂತ ಸ್ವಲ್ಪ ಮುಂಚಿನದ್ದಾಗಿದ್ದರೆ ಒಳ್ಳೆಯದು. ಮುಂದಿನದೊಂದು ಮಾತ್ರ ಹೊಸದಾಗಿದ್ದರೆ ಹೆಡ್‌ಲೈಟಿನ ಗಾಜನ್ನು ನೋಡಿ. ಅದೂ ಹೊಸದಾಗಿದ್ದರೆ ‘ಯಾಕೆ’ ಎಂದು ಕೇಳಿ. ಮರಳುಗಾಡಿನ ಒಂದು ಬಿರುಗಾಳಿ ಹಲವು ವರ್ಷಗಳ ಗುಳಿಯನ್ನು ಒಂದೇ ದಿನ ಮಾಡಬಲ್ಲದು, ತೆರೆದ ಲಾರಿಯ ಮೇಲೆ ದೂರ ಸಾಗಿಸಿದ ಕಾರಿಗೂ ಮೂತಿಯಲ್ಲಿ ಕಲ್ಲಿನ ಪೆಟ್ಟು ಬೀಳುತ್ತದೆ. ಅವನ್ನು ಮೀಟರ್ ಎಣಿಸಿರುವುದಿಲ್ಲ.

ದೂರದ ಗುರುತಿಗೂ ಕಾಲದ ಗುರುತಿಗೂ ಇರುವ ಭೇದವನ್ನು ಕೊಳ್ಳುವವರು ಹೆಚ್ಚಾಗಿ ಮರೆಯುತ್ತಾರೆ. ಓಡದೆ ನಿಂತ ಕಾರು ಹೊಸದಾಗಿ ಉಳಿಯುವುದಿಲ್ಲ. ರಬ್ಬರು ಆಮ್ಲಜನಕ ಮತ್ತು ಓಝೋನಿನ ದೆಸೆಯಿಂದ ಗಡಸಾಗಿ ಸೀಳುತ್ತದೆ, ಪೆಟ್ರೋಲ್ ಕೆಟ್ಟು ಅಂಟಾಗುತ್ತದೆ, ಬ್ರೇಕ್ ದ್ರವ ಗಾಳಿಯ ತೇವ ಹೀರಿ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಆದ್ದರಿಂದ 40 ವರ್ಷದಲ್ಲಿ 30,000 ಕಿಲೋಮೀಟರ್ ಓಡಿದೆ ಎನ್ನುವ ಕಾರಿನಲ್ಲಿ ಸವೆತ ಇರಬಾರದು, ಮುಪ್ಪು ಇರಲೇಬೇಕು. ಸವೆತವೂ ಇಲ್ಲ, ಮುಪ್ಪೂ ಇಲ್ಲ ಎಂದರೆ ಅಲ್ಲಿ ಯಾರದ್ದೋ ಕೈ ಆಡಿದೆ. ಆ ಕೈ ಪ್ರಾಮಾಣಿಕವೇ ಇರಬಹುದು, ಆದರೆ ಬಿಲ್ಲು ತೋರಿಸಬೇಕು. ಟೈರು ಇದಕ್ಕೆ ಒಳ್ಳೆಯ ಉದಾಹರಣೆ. 2000ದಿಂದೀಚಿನ ಟೈರಿನ ಬದಿಯಲ್ಲಿ ನಾಲ್ಕಂಕಿಯ ತಯಾರಿಕೆಯ ಸಂಕೇತವಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದಕ್ಕೂ ಮುಂಚಿನವುಗಳಲ್ಲಿ ಮೂರಂಕಿ. ಮೂಲದ ಟೈರುಗಳು ಹಲ್ಲು ಸವೆಯದೆ, ಆದರೆ ಬಿರುಕು ಬಿಟ್ಟು ಕೂತಿದ್ದರೆ ಅದು ಮಾರುವವರ ಪರ ಬಲವಾದ ಸಾಕ್ಷಿ. ಅವುಗಳ ಮೇಲೆ ಕಾರು ಓಡಿಸಬೇಡಿ, ಅಷ್ಟೇ.

ಎಂಜಿನ್ನಿನ ಸಿಲಿಂಡರುಗಳು ಒತ್ತಡವನ್ನು ಹಿಡಿದಿಡುತ್ತವೆಯೇ ಎಂದು ನೋಡುವ ಪರೀಕ್ಷೆಗೆ ನಾನು ಕಡಿಮೆ ತೂಕ ಕೊಡುತ್ತೇನೆ. ಚೆನ್ನಾಗಿ ನೋಡಿಕೊಂಡ ಎಂಜಿನ್ ದೂರ ಓಡಿಯೂ ಗಟ್ಟಿ ಇರುತ್ತದೆ, ಒಮ್ಮೆ ಬಿಚ್ಚಿ ಹೊಸದು ಮಾಡಿದ್ದರೆ ಪರೀಕ್ಷೆ ಏನನ್ನೂ ಹೇಳುವುದಿಲ್ಲ, ನಿಂತ ಕಾರಿನಲ್ಲಿ ಪಿಸ್ಟನ್ ರಿಂಗು ಅಂಟಿಕೊಂಡು ಕಡಿಮೆ ಓಡಿದ ಎಂಜಿನ್ನೇ ಸೋತಂತೆ ಕಾಣಬಹುದು.

ಕಾಗದಪತ್ರ ಇದ್ದರೆ ಅವನ್ನು ಬರೀ ಓದಬೇಡಿ, ಗ್ರಾಫ್ ಬಿಡಿಸಿ: ಅಡ್ಡಕ್ಕೆ ದಿನಾಂಕ, ಉದ್ದಕ್ಕೆ ಮೀಟರಿನ ಅಂಕಿ. ಸರ್ವಿಸ್ ಪುಸ್ತಕ, ಗ್ಯಾರೇಜಿನ ಬಿಲ್ಲು, ತಪಾಸಣೆಯ ಚೀಟಿ, ಬಾಗಿಲ ಅಂಚಿನಲ್ಲಿ ಉಳಿದ ಆಯಿಲ್ ಬದಲಾವಣೆಯ ಸ್ಟಿಕ್ಕರ್ ಎಲ್ಲವೂ ಒಂದೊಂದು ಚುಕ್ಕಿ. ಗೆರೆ ಕೆಳಗಿಳಿದರೆ ಹೇಳುವುದೇ ಬೇಡ. ನಾನು ಹೆಚ್ಚು ಹೊತ್ತು ನೋಡುವುದು ಸಪಾಟಾದ ಭಾಗವನ್ನು. ಆ ವರ್ಷಗಳಲ್ಲಿ ಕಾರು ನಿಂತಿತ್ತು ಎನ್ನುತ್ತಾರೆ. ಸರಿ, ಆದರೆ ಅದೇ ಅವಧಿಯಲ್ಲಿ ಹೊಸ ಟೈರಿನ ಬಿಲ್ಲು, ಬ್ರೇಕ್ ಪ್ಯಾಡಿನ ಬಿಲ್ಲು ಸಿಕ್ಕರೆ ನಿಂತದ್ದು ಕಾರಲ್ಲ, ಮೀಟರು.

ಸರ್ಕಾರಿ ದಾಖಲೆಗಳು ಹಳೆ ಕಾರಿನ ಮಟ್ಟಿಗೆ ಕೈಕೊಡುವುದೇ ಹೆಚ್ಚು. ಅಮೆರಿಕದಲ್ಲಿ 1972ರ ಕಾನೂನು ಮೀಟರ್ ತಿರುಗಿಸುವುದನ್ನು ನಿಷೇಧಿಸಿತು. ಆದರೆ ಮಾರುವಾಗ ಓಟವನ್ನು ಬರೆದುಕೊಡುವ ಕಡ್ಡಾಯದಿಂದ 10 ವರ್ಷ ದಾಟಿದ ಕಾರುಗಳಿಗೆ ವಿನಾಯಿತಿ ಸಿಕ್ಕಿತು. 2011 ಮತ್ತು ನಂತರದ ಮಾದರಿಗಳಿಗೆ ಈ ಗಡುವು 20 ವರ್ಷ. ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ ಓಟ ದಾಖಲಾಗುತ್ತದೆ, ಯಾರು ಬೇಕಾದರೂ ನೋಡಬಹುದು. ಆದರೆ ಹೆಚ್ಚಿನ ಮಾರ್ಪಾಡು ಮಾಡದ, 40 ವರ್ಷ ದಾಟಿದ ಕಾರುಗಳಿಗೆ 2018ರಿಂದ ಆ ತಪಾಸಣೆ ಕಡ್ಡಾಯವಲ್ಲ. ಬೆಲೆ ಏರಲು ಶುರುವಾಗುವ ವಯಸ್ಸಿಗೇ ದಾಖಲೆಯ ಸರಪಳಿ ಕಡಿಯುತ್ತದೆ. ಇದು ಬದಲಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವರ್ಷಕ್ಕೊಮ್ಮೆ ಒಂದು ಅಂಕಿ ಬರೆದಿಡುವುದು ಯಾರಿಗೂ ಹೊರೆಯಲ್ಲ.

1990ರ ದಶಕದ ಕಾರುಗಳೂ ಈಗ ಸಂಗ್ರಹಕ್ಕೆ ಸೇರುತ್ತಿವೆ. ಅವುಗಳಲ್ಲಿ ಹಲವದರ ಓಟ ಕೂತಿರುವುದು ಎಲೆಕ್ಟ್ರಾನಿಕ್ ಚಿಪ್‌ನ ನೆನಪಿನಲ್ಲಿ. ಸರಿಯಾದ ಉಪಕರಣವಿದ್ದರೆ ಅದನ್ನು ಕೆಲವೇ ನಿಮಿಷಗಳಲ್ಲಿ ತಿದ್ದಬಹುದು, ಕೆಲವದರಲ್ಲಿ ಸ್ಕ್ರೂ ಮುಟ್ಟಬೇಕಾಗಿಯೂ ಇಲ್ಲ. ಆದರೆ ಕೆಲವು ಮಾದರಿಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಬ್ರೇಕುಗಳ ನಿಯಂತ್ರಕ ಕಂಪ್ಯೂಟರುಗಳೂ ಓಟವನ್ನು ನೆನಪಿಟ್ಟುಕೊಳ್ಳುತ್ತವೆ. ಕೆಲವು ಬಿಎಂಡಬ್ಲ್ಯು ಕಾರುಗಳ ಕೀಲಿಯಲ್ಲೂ ಅದು ಇರುತ್ತದೆ. ಅಂಥ ನಿಯಂತ್ರಕದಲ್ಲಿ ಹಿಂದೆಂದೋ ದಾಖಲಾದ ದೋಷದ ಜೊತೆ 1,42,000 ಎಂದಿದ್ದು ಮೀಟರ್ 68,000 ತೋರಿಸಿದರೆ ವಾದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ, ಆ ನಿಯಂತ್ರಕ ಗುಜರಿ ಕಾರಿನಿಂದ ತಂದದ್ದಲ್ಲ ಎಂದು ಖಚಿತವಾದರೆ. ಎಂಜಿನ್ ಓಡಿದ ಗಂಟೆಗಳು ಸಿಕ್ಕರೆ ಇನ್ನೂ ಚೆನ್ನ: 60,000 ಕಿಲೋಮೀಟರಿಗೆ 4,000 ಗಂಟೆ ಎಂದರೆ ಸರಾಸರಿ ಗಂಟೆಗೆ 15 ಕಿಲೋಮೀಟರ್. ಕಾರು ಇಡೀ ಬದುಕನ್ನು ಸಂದಣಿಯಲ್ಲೇ ಕಳೆದಿರಬೇಕು, ಇಲ್ಲವೇ ಕಿಲೋಮೀಟರುಗಳು ಕಾಣೆಯಾಗಿರಬೇಕು.

ಈ ಗುರುತುಗಳಿಗೆಲ್ಲ ಸಮ ತೂಕವಿಲ್ಲ. ಸವೆಯದ ಪೆಡಲ್ ರಬ್ಬರು 30,000 ಓಡಿದ ಕಾರಿನಲ್ಲಿ ಸಿಗುತ್ತದೆ. 1,30,000 ಓಡಿ ರಬ್ಬರು ಬದಲಾಯಿಸಿಕೊಂಡ ಕಾರಿನಲ್ಲೂ ಸಿಗುತ್ತದೆ. ಹಾಗಾಗಿ ಅದರಿಂದ ಬರುವ ಧೈರ್ಯ ಅಷ್ಟಕ್ಕಷ್ಟೆ. ಲೋಹ ಕಾಣುವಷ್ಟು ಸವೆದ ರಬ್ಬರು 30,000ದ ಕಾರಿನಲ್ಲಿ ಸಿಗುವುದು ತೀರಾ ಕಷ್ಟ, ಅದೊಂದೇ ಬಹಳ ಹೇಳುತ್ತದೆ. ಜೊತೆಗೆ ಸಾಕ್ಷಿಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿರಬೇಕು. ಪೆಡಲ್, ಸ್ಟೇರಿಂಗ್, ಸೀಟು ಮೂರನ್ನೂ ಒಬ್ಬರೇ ಒಂದೇ ದಿನ ಬದಲಾಯಿಸಬಹುದು, ಆದ್ದರಿಂದ ಅವು ಮೂರಲ್ಲ, ಒಂದೇ ಸಾಕ್ಷಿ. ಗಾಜಿನ ಗುಳಿ, ಅಪರಿಚಿತ ಗ್ಯಾರೇಜಿನ ಹಳೆ ಬಿಲ್ಲು, ಬ್ರೇಕ್ ಡಿಸ್ಕಿನ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪಕ್ಕೆ ಹೋಲಿಸಿ ಅಳೆದ ಈಗಿನ ದಪ್ಪ, ಇವನ್ನು ಒಬ್ಬರೇ ಹೊಂದಿಸುವುದು ಕಷ್ಟ.

ಉತ್ತರ ಒಂದೇ ಸಂಖ್ಯೆಯಾಗಿ ಬರುವುದು ಅಪರೂಪ. ಮೀಟರಿಗೇ ತನ್ನದೊಂದು ಓರೆ ಇದೆ: ಟೈರಿನ ಹಲ್ಲು 8 ಮಿಲಿಮೀಟರಿನಿಂದ 1.6ಕ್ಕೆ ಇಳಿದರೆ ಚಕ್ರದ ತ್ರಿಜ್ಯ ಸುಮಾರು ಶೇಕಡಾ 2ರಷ್ಟು ಕುಗ್ಗಿ, ಅದೇ ದೂರಕ್ಕೆ ಹೆಚ್ಚು ಸುತ್ತು ಎಣಿಕೆಯಾಗುತ್ತದೆ. ‘1994ರ ತನಕ 41,000 ಎಂದು ಬಿಲ್ಲುಗಳಿವೆ, ಆಮೇಲಿನದು ಗೊತ್ತಿಲ್ಲ, ಸವೆತ ನೋಡಿದರೆ 60,000 ಮೀರಿರಲಾರದು’ ಎಂದು ಬರೆದುಕೊಡುವ ಮಾರಾಟಗಾರರನ್ನು, 44,000 ಎಂದು ಮೇಜು ಗುದ್ದಿ ಹೇಳುವವರಿಗಿಂತ ನಾನು ಹೆಚ್ಚು ನಂಬುತ್ತೇನೆ, ಹೆಚ್ಚು ಹಣವನ್ನೂ ಅವರಿಗೇ ಕೊಡಬೇಕು ಅನ್ನುತ್ತೇನೆ. ಕೊಂಡ ಮೇಲೆ ಇದೇ ಕೆಲಸ ನಿಮ್ಮದು. ಬದಲಾಯಿಸಿದ ಹಳೆ ಪೆಡಲ್ ರಬ್ಬರು, ಸವೆದ ಡಿಸ್ಕು, ಟೈರಿನ ಸಂಕೇತದ ಫೋಟೋ ಇವನ್ನು ದಿನಾಂಕ ಬರೆದು ಎತ್ತಿಡಿ. ಮೀಟರ್ ರಿಪೇರಿಗೆ ಹೋದರೆ ಬಿಚ್ಚುವ ಮುಂಚಿನ ಅಂಕಿ, ಜೋಡಿಸಿದ ಮೇಲಿನ ಅಂಕಿ, ನಡುವೆ ಮೀಟರಿಲ್ಲದೆ ಓಡಿದ ದೂರದ ಅಂದಾಜು ಮೂರನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.