ಬರೆಯುವಾಗಲೇ ಲೆಕ್ಕ: ಫೈಲ್ ಮತ್ತು ಚೆಕ್‌ಸಮ್

ನಮ್ಮೂರಿನ ಅಜ್ಜಿಯರು ಹಾಡಿದ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿ, ಮೆಮೊರಿ ಕಾರ್ಡಿನಿಂದ ಹಾರ್ಡ್ ಡಿಸ್ಕಿಗೆ ಹಾಕಿಟ್ಟಿದ್ದೆ. ಹಾಕಿದ ಮೇಲೆ ಡಿಸ್ಕಿನಲ್ಲಿದ್ದ ಫೈಲುಗಳಿಗೆ ಚೆಕ್‌ಸಮ್ ತೆಗೆದು ಬರೆದಿಟ್ಟೆ. ಆಮೇಲೆ ಪ್ರತಿ ಸಲ ತಾಳೆ ನೋಡಿದಾಗಲೂ ಎಲ್ಲ ಸರಿಯಿದೆ ಎಂದೇ ಬರುತ್ತಿತ್ತು. ಒಂದು ದಿನ ಕೇಳಲು ಕೂತರೆ ಒಂದು ಹಾಡು ನಡುವೆ ಕೆಟ್ಟಿತ್ತು. ಕಾಪಿ ಆಗುವಾಗಲೇ ಅದು ಹಾಳಾಗಿತ್ತು, ನಾನು ಚೆಕ್‌ಸಮ್ ತೆಗೆದದ್ದು ಹಾಳಾದ ಪ್ರತಿಗೆ. ಅಷ್ಟರಲ್ಲಿ ಕಾರ್ಡನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಯಾಗಿತ್ತು. ಆ ಹಾಡು ಮತ್ತೆ ಸಿಗಲಿಲ್ಲ. ಈ ಟಿಪ್ಪಣಿ ಬರೆಯಲು ಅದೇ ಕಾರಣ.

ಚೆಕ್‌ಸಮ್ ಎಂದರೆ ಫೈಲಿನ ಎಲ್ಲ ಬೈಟುಗಳಿಂದ ಲೆಕ್ಕ ಹಾಕಿ ತೆಗೆದ ಒಂದು ಚಿಕ್ಕ ಸಂಖ್ಯೆ. ಬೈಟುಗಳನ್ನು ಸುಮ್ಮನೆ ಕೂಡಿದರೆ ಸಾಲದೇ? ಸಾಲದು. 10, 20, 30 ಕೂಡಿದರೂ 60; 20, 10, 30 ಕೂಡಿದರೂ 60. ಜಾಗ ಅದಲುಬದಲಾದದ್ದು ಕೂಡಿಕೆಗೆ ಗೊತ್ತಾಗುವುದಿಲ್ಲ. ಆಡ್ಲರ್-32 ವಿಧಾನ ಇದಕ್ಕೆ ಎರಡು ಮೊತ್ತ ಇಟ್ಟುಕೊಳ್ಳುತ್ತದೆ. ಮೊದಲನೆಯದು 1ರಿಂದ ಶುರುವಾಗಿ ಬೈಟುಗಳನ್ನು ಕೂಡುತ್ತಾ ಹೋಗುತ್ತದೆ, ಎರಡನೆಯದು ಪ್ರತಿ ಹೆಜ್ಜೆಯಲ್ಲೂ ಆ ಮೊದಲ ಮೊತ್ತವನ್ನೇ ಕೂಡಿಕೊಳ್ಳುತ್ತದೆ. 10, 20, 30ಕ್ಕೆ ಮೊದಲ ಮೊತ್ತ 11, 31, 61 ಎಂದು ಬೆಳೆದರೆ ಎರಡನೆಯದು 11, 42, 103. ಅದೇ 20, 10, 30ಕ್ಕೆ ಮೊದಲನೆಯದು ಕೊನೆಗೆ 61ಕ್ಕೇ ಬಂದರೂ ಎರಡನೆಯದು 113 ಆಗುತ್ತದೆ. ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ, ಮರೆಯುವುದಿಲ್ಲ. (ದೊಡ್ಡ ಫೈಲುಗಳಲ್ಲಿ ಎರಡೂ ಮೊತ್ತವನ್ನು 65521ರಿಂದ ಭಾಗಿಸಿ ಶೇಷ ಮಾತ್ರ ಉಳಿಸಿಕೊಳ್ಳುತ್ತಾರೆ.)

ಜಿಪ್ ಮತ್ತು ಪಿಎನ್‌ಜಿ ಫೈಲುಗಳ ಒಳಗೆ ಇರುವುದು ಸಿಆರ್‌ಸಿ-32 ಎಂಬ ಇನ್ನೊಂದು ಬಗೆಯ ಚೆಕ್‌ಸಮ್. ಆಕಸ್ಮಿಕವಾಗಿ ಕೆಟ್ಟದ್ದನ್ನು ಹಿಡಿಯಲು ಅದು ಚೆನ್ನಾಗಿದೆ, ಬೇಕೆಂದೇ ತಿದ್ದಿದವರನ್ನು ಹಿಡಿಯಲಾರದು. ಎಂಡಿ5 ಎಂಬ ವಿಧಾನದಲ್ಲಿ ಒಂದೇ ಚೆಕ್‌ಸಮ್ ಬರುವ ಎರಡು ಬೇರೆ ಫೈಲುಗಳನ್ನು ಮಾಡಬಹುದೆಂದು 2004ರಲ್ಲೇ ತೋರಿಸಿದರು. ಶಾ-1 ವಿಧಾನಕ್ಕೂ ಅದೇ ಗತಿ 2017ರಲ್ಲಿ ಬಂತು: ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯವರು ಎರಡು ಪಿಡಿಎಫ್‌ಗಳನ್ನು ಮುಂದಿಟ್ಟರು. ಇಂದು ಹೊಸದಾಗಿ ಶುರುಮಾಡುವವರು ಕಣ್ಣುಮುಚ್ಚಿ ಶಾ-256 ವಿಧಾನ ಹಿಡಿಯಬಹುದು. 256 ಬಿಟ್ ಎಂದರೆ ಹದಿನಾರರ ಪದ್ಧತಿಯಲ್ಲಿ 64 ಅಕ್ಷರ.

ಇನ್ನು ಮುಖ್ಯ ವಿಷಯ, ಬರೆಯುವ ಕ್ರಮ. ಮೂಲದಿಂದ ಒಂದು ತುಂಡು ಓದಿ, ಅದನ್ನು ಫೈಲಿಗೆ ಬರೆಯುವಾಗಲೇ ಅದೇ ತುಂಡನ್ನು ಹ್ಯಾಶ್ (ಅಂದರೆ ಚೆಕ್‌ಸಮ್) ಲೆಕ್ಕಕ್ಕೂ ಕೊಡಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹ್ಯಾಶ್‌ಲಿಬ್ ಎಂಬ ಸಿದ್ಧ ಕೋಡಿನ ಅಪ್‌ಡೇಟ್ ಇರುವುದೇ ಇದಕ್ಕೆ. ಹಾಗೆ ಬಂದ ಚೆಕ್‌ಸಮ್ ಡಿಸ್ಕಿಗೆ ಹೋದ ಫೈಲಿನದ್ದಲ್ಲ, ಹೋಗಬೇಕಾಗಿದ್ದ ಮಾಹಿತಿಯದ್ದು. ನಾನು ಎಡವಿದ್ದು ಈ ವ್ಯತ್ಯಾಸದಲ್ಲಿ.

ಬರೆಯುವುದು ತಾತ್ಕಾಲಿಕ ಹೆಸರಿನ ಫೈಲಿಗೆ. ಮುಗಿದ ಮೇಲೆ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕಿಗೆ ಇಳಿಸು ಎನ್ನುವ ಆಜ್ಞೆ) ಕರೆಯಬೇಕು. ಇಲ್ಲದಿದ್ದರೆ ಬರೆದಾಯಿತು ಎಂದು ಪ್ರೋಗ್ರಾಂ ಅಂದುಕೊಂಡದ್ದು ಇನ್ನೂ ಮೆಮೊರಿಯಲ್ಲೇ ಇರಬಹುದು, ಆ ಕ್ಷಣ ಕರೆಂಟ್ ಹೋದರೆ ಹೋಯಿತು. ಆಮೇಲೆ ನಿಜವಾದ ಹೆಸರಿಗೆ ಬದಲಿಸುವುದು. ಲಿನಕ್ಸ್‌ನಲ್ಲಿ ಒಂದೇ ಫೈಲ್ ಸಿಸ್ಟಮ್ ಒಳಗೆ ಈ ಹೆಸರು ಬದಲಾವಣೆ ಇಡಿಯಾಗಿ ಆಗುತ್ತದೆ. ಓದುವವರಿಗೆ ಹಳೆಯ ಫೈಲ್ ಸಿಗುತ್ತದೆ, ಇಲ್ಲವೇ ಹೊಸದು, ಅರ್ಧಂಬರ್ಧ ಸಿಗುವುದಿಲ್ಲ. ಚೆಕ್‌ಸಮ್ ಇರುವ ಚಿಕ್ಕ ಫೈಲನ್ನೂ ಹೀಗೇ ಬರೆಯಿರಿ.

ತಾಳೆ ನೋಡುವಾಗ ಇನ್ನೊಂದು ಮೋಸವಿದೆ. ಈಗಷ್ಟೇ ಬರೆದ ಫೈಲನ್ನು ತಕ್ಷಣ ಓದಿದರೆ ಸಿಸ್ಟಮ್ ಅದನ್ನು ಡಿಸ್ಕಿನಿಂದ ತರದೆ ಮೆಮೊರಿಯ ಕ್ಯಾಶ್‌ನಿಂದಲೇ (ತಾತ್ಕಾಲಿಕ ಸಂಗ್ರಹದಿಂದ) ಕೊಡಬಹುದು. ಆದ್ದರಿಂದ ಹೊರಗಿನ ಡಿಸ್ಕನ್ನು ಸರಿಯಾಗಿ ತೆಗೆದು, ಮತ್ತೆ ಜೋಡಿಸಿ, ಆಮೇಲೆ ಶಾ256ಸಮ್ ಎಂಬ ಆಜ್ಞೆಯಿಂದ ತಾಳೆ ನೋಡಿ. ಮೂಲವನ್ನು ಅಳಿಸುವುದು ಅದಾದ ನಂತರ.

ಬೇರೆ ಬೇರೆ ಫೈಲುಗಳಿಗೆ ಇ3ಬಿ0ಸಿ442 ಎಂದೇ ಶುರುವಾಗುವ ಶಾ-256 ಬಂದರೆ ಗಾಬರಿಯಾಗಿ ಹುಡುಕಬೇಡಿ. ಅದು ಖಾಲಿ ಫೈಲಿನ ಚೆಕ್‌ಸಮ್, ಒಳಗೆ ಒಂದು ಬೈಟೂ ಬಿದ್ದಿಲ್ಲ.

ಕನ್ನಡದ ಪಠ್ಯ ಇಡುವವರಿಗೆ ಒಂದು ವಿಶೇಷ ತೊಡಕು. ಯೂನಿಕೋಡ್‌ನಲ್ಲಿ ‘ಕೋ’ ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಹಾಗಾಗಿ ಮೊದಲ ‘ಕೋ’ 6 ಬೈಟ್, ಎರಡನೆಯದು 12. ಪರದೆಯ ಮೇಲೆ ಎರಡೂ ಒಂದೇ, ಚೆಕ್‌ಸಮ್ ಬೇರೆ ಬೇರೆ. ಫೈಲ್ ಕೆಟ್ಟಿಲ್ಲ, ಯಾವುದೋ ಸಂಪಾದಕ ತಂತ್ರಾಂಶ ಉಳಿಸುವಾಗ ರೂಪ ಬದಲಿಸಿದೆ, ಅಷ್ಟೇ. ಸಾಲಿನ ಕೊನೆಯ ಗುರುತು ವಿಂಡೋಸ್‌ನಲ್ಲಿ ಬೇರೆಯಾಗುವುದರಿಂದಲೂ ಹೀಗಾಗುತ್ತದೆ.

ಚೆಕ್‌ಸಮ್ ಫೈಲನ್ನು ಮೂಲ ಫೈಲಿನ ಪಕ್ಕದಲ್ಲೇ ಇಟ್ಟರೆ ಡಿಸ್ಕಿನ ತಪ್ಪು ಸಿಕ್ಕಿಬೀಳುತ್ತದೆ. ದುರುದ್ದೇಶದವರು ಮಾತ್ರ ಎರಡನ್ನೂ ಒಟ್ಟಿಗೆ ಬದಲಿಸಿಬಿಡಬಹುದು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ತಾವು ತಿದ್ದಿದ ಐಎಸ್‌ಒ (ಅನುಸ್ಥಾಪನೆಯ ಫೈಲ್) ಕಡೆಗೆ ತಿರುಗಿಸಿದ್ದರು. ತಾಣವೇ ಅವರ ಕೈಯಲ್ಲಿದ್ದಾಗ ಅಲ್ಲಿ ಬರೆದ ಚೆಕ್‌ಸಮ್ಮನ್ನು ನಂಬುವುದು ಹೇಗೆ? ಅಂಥ ಕಡೆ ಜಿಪಿಜಿ ಸಹಿ ಬೇಕು, ಅಂದರೆ ಫೈಲ್ ಮಾಡಿದವರ ಗುಟ್ಟಿನ ಕೀಲಿಯಿಂದ ಹಾಕಿದ ಡಿಜಿಟಲ್ ಸಹಿ.

ಹಾಡು, ಫೋಟೊ, ತಾಳೆಗರಿಯ ಸ್ಕ್ಯಾನ್ ಕೂಡಿಡುವವರು ಬ್ಯಾಗ್‌ಇಟ್ ಎಂಬ ಪದ್ಧತಿಯನ್ನು ಕಲಿಯಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಕ್ಯಾಲಿಫೋರ್ನಿಯಾ ಡಿಜಿಟಲ್ ಲೈಬ್ರರಿ ಸೇರಿ ರೂಪಿಸಿದ್ದು, 2018ರಲ್ಲಿ ಆರ್‌ಎಫ್‌ಸಿ 8493 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯಾಗಿ ಬಂತು. ಡೇಟಾ ಎಂಬ ಫೋಲ್ಡರಿನಲ್ಲಿ ಫೈಲುಗಳು, ಹೊರಗೆ ಒಂದು ಪಟ್ಟಿಯಲ್ಲಿ ಪ್ರತಿ ಫೈಲಿನ ಚೆಕ್‌ಸಮ್. ಸರಳ ಪಠ್ಯವಾದ್ದರಿಂದ ಯಾವ ಕಂಪ್ಯೂಟರಿನಲ್ಲೂ ಓದಬಹುದು.

ಕಲಿಯುವಾಗ ಒಂದು ಅಭ್ಯಾಸ ಮಾಡಿ. ಬೇಡದ ಫೈಲೊಂದರ ಪ್ರತಿ ತೆಗೆದು, ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನೇ ತೋರಿಸಿ ತಿದ್ದಲು ಬಿಡುವ ತಂತ್ರಾಂಶ) ಒಂದೇ ಒಂದು ಬೈಟ್ ಬದಲಿಸಿ, ನಿಮ್ಮ ತಾಳೆ ನೋಡುವ ಪ್ರೋಗ್ರಾಂ ಓಡಿಸಿ. ಅದು ತಪ್ಪೆಂದು ಕೂಗಿಕೊಂಡ ಮೇಲಷ್ಟೇ ನಿಜವಾದ ಫೈಲುಗಳನ್ನು ಅದರ ಕೈಗೆ ಕೊಡಿ.