ಒಂದು ಸೇರು ಅಂದರೆ ಎಷ್ಟು ಕೆ.ಜಿ.?

ಪ್ರಶ್ನೆ: ಅಜ್ಜಿ ಬರೆಸಿದ ಬೆಣ್ಣೆ ದೋಸೆ ಲೆಕ್ಕದಲ್ಲಿ ಅಕ್ಕಿ ಒಂದು ಸೇರು, ಉದ್ದಿನಬೇಳೆ ಒಂದು ಪಾವು, ಮಂಡಕ್ಕಿ ಎರಡು ಪಾವು ಅಂತ ಇದೆ. ಕೆ.ಜಿ.ಯಲ್ಲಿ ಹೇಳಿ.

ಎಷ್ಟು ಸಲ ಕೇಳಿದರೂ ಉತ್ತರ ಇದೇ: ಕೆ.ಜಿ.ಗೆ ತಿರುಗಿಸಲೇಬೇಡಿ. ಸೇರಿಗೆ ನಾಲ್ಕು ಪಾವು. ಒಂದೇ ಲೋಟ ಹಿಡಿದು ನಾಲ್ಕು ಅಕ್ಕಿ, ಒಂದು ಉದ್ದು, ಎರಡು ಮಂಡಕ್ಕಿ ಅಳೆಯಿರಿ. ಟೀ ಲೋಟವಾದರೂ ಸರಿಯೇ, ನಡುವೆ ಲೋಟ ಬದಲಿಸಬಾರದು ಅಷ್ಟೇ.

ಆದರೂ "ಸೇರು ಅಂದರೆ ಲೀಟರ್, ಲೀಟರ್ ಅಂದರೆ ಕೆ.ಜಿ." ಅನ್ನುವ ನಂಬಿಕೆ ಜನರನ್ನು ಬಿಡುತ್ತಿಲ್ಲ. ಲೀಟರ್ ಪಾತ್ರೆಯೊಳಗಿನ ಜಾಗದ ಲೆಕ್ಕ, ಕೆ.ಜಿ. ತೂಕದ ಲೆಕ್ಕ. ಎರಡೂ ಸಮ ಬರುವುದು ನೀರಿಗೆ. ಹಾಲು ಅದಕ್ಕೆ ಹತ್ತಿರ, ಲೀಟರಿಗೆ ಸುಮಾರು 1,030 ಗ್ರಾಂ. ಅಕ್ಕಿಯ ಕಾಳುಗಳ ಸಂದಿನಲ್ಲಿ ಗಾಳಿ ಇರುತ್ತದೆ, ಹಾಗಾಗಿ ಲೀಟರ್ ಪಾತ್ರೆ ತುಂಬಿದರೂ 800ರಿಂದ 850 ಗ್ರಾಂ ಆಸುಪಾಸು. ಗೋಧಿ ಹಿಟ್ಟು ಸಡಿಲವಾಗಿ ಸುರಿದರೆ 500 ಗ್ರಾಂ, ಅದುಮಿದರೆ ಇನ್ನೂ ಹೆಚ್ಚು. ಮಂಡಕ್ಕಿಯಂತೂ ಲೀಟರಿಗೆ ನೂರು ಗ್ರಾಂ ಸಹ ತೂಗುವುದಿಲ್ಲ. ದಾವಣಗೆರೆಯಲ್ಲಿ ಅದನ್ನು ಅಳೆದು ಕೊಡುವುದು ಇದಕ್ಕೇ.

ಈಗ ಪಾವು ಅಂದರೆ 250 ಗ್ರಾಂ ಅಂದುಕೊಂಡು ಎರಡು ಪಾವು ಮಂಡಕ್ಕಿಗೆ ಅರ್ಧ ಕೆ.ಜಿ. ತೂಗಿದಿರಿ ಅನ್ನಿ. ಅರ್ಧ ಲೀಟರ್ ಬೀಳಬೇಕಾದ ಕಡೆ ಐದು ಲೀಟರಿಗೂ ಮೀರಿ ಬಿತ್ತು! ಹಿಟ್ಟು ಅಂಟಾಗುತ್ತದೆ. ಕಾವಲಿಯ ಮೇಲೆ ಹುಯ್ದು ಸೌಟು ತಿರುಗಿಸಿದರೆ ಹರಡದೆ ಸೌಟಿನ ಜೊತೆಗೇ ಎದ್ದು ಬರುತ್ತದೆ. ಬೆಣ್ಣೆ ಎಷ್ಟು ಹಾಕಿದರೂ ಗರಿ ಆಗುವುದಿಲ್ಲ. ಆಮೇಲೆ ಬೈಸಿಕೊಳ್ಳುವುದು ಅಕ್ಕಿ.

ಗೊಂದಲಕ್ಕೆ ಕಾರಣವೂ ಇದೆ. ತೂಕದ ಸೇರು ಅಂತ ಬೇರೆಯೇ ಇತ್ತು: 80 ತೊಲ, ಅಂದರೆ 933 ಗ್ರಾಂ. 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿ ಬಂದ ಮೇಲೂ ಬಾಯಲ್ಲಿ ಸೇರು ಉಳಿಯಿತು, ಲೀಟರ್ ಡಬ್ಬಿಗೂ ಅದೇ ಹೆಸರು ಅಂಟಿತು. ಅಟ್ಟದ ಮೇಲಿನ ಹಿತ್ತಾಳೆ ಸೇರು ಎಷ್ಟು ಹಿಡಿಯುತ್ತದೆ ಅಂತ ಊಹಿಸಬೇಡಿ. ಅಡುಗೆಮನೆ ತಕ್ಕಡಿಯ ಮೇಲೆ ಖಾಲಿ ಸೇರನ್ನು ಇಟ್ಟು ಸೊನ್ನೆಗೆ ತನ್ನಿ, ಕಂಠಮಟ್ಟ ನೀರು ತುಂಬಿ. ತೋರಿಸಿದ ಗ್ರಾಮೇ ಅದರ ಮಿಲಿಲೀಟರ್. ಆ ಅಂಕಿಯನ್ನು ಸೇರಿನ ತಳಕ್ಕೆ ಬರೆದಿಡಿ. ಕಾಳು ಅಳೆಯುವಾಗ ಮೇಲೆ ಗೋಪುರ ಬೇಡ, ಕೈಯಿಂದ ಸವರಿ ಸಮ ಮಾಡಿ.

ಇದೇ ಲೆಕ್ಕ ಎಣ್ಣೆ ಡಬ್ಬಿಗೂ ಬೇಕು, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಒಂದು ಲೀಟರ್ ಎಣ್ಣೆ ಪ್ಯಾಕೆಟ್ ಮೇಲೆ 910 ಗ್ರಾಂ ಅಂತ ಬರೆದಿರುವುದು ಮೋಸವಲ್ಲ, ಎಣ್ಣೆ ನೀರಿಗಿಂತ ಹಗುರ. ಆದರೆ ಮದುವೆ ಅಡುಗೆಗೆ ಡಬ್ಬಿ ತರುವಾಗ ಎಚ್ಚರ: 15 ಲೀಟರ್ ಡಬ್ಬಿಯಲ್ಲಿ ಇರುವುದು 13.65 ಕೆ.ಜಿ. ಪಕ್ಕದಲ್ಲೇ ಇರುವ 15 ಕೆ.ಜಿ. ಡಬ್ಬಿಯಲ್ಲಿ ಹದಿನಾರೂವರೆ ಲೀಟರ್ ಹತ್ತಿರ. ಬೆಲೆ ಹೋಲಿಸುವ ಮೊದಲು ಡಬ್ಬಿಯ ಮೇಲೆ ಲೀಟರೋ ಕೆ.ಜಿ.ಯೋ ಓದಿ.